ಮಗಳಿಗೆ ಹಾಲು ಬಿಡಿಸಿದ ಬಗೆ

ಕಾನೂನಿನಂತೆ ಸಿಗುವ 26 ವಾರಗಳ ಹೆರಿಗೆ ರಜೆಯಲ್ಲಿ ಆರು ವಾರಗಳು ಹೆರಿಗೆಗೆ ಮುನ್ನವೇ ಕಳೆದಿದ್ದವು. ಹೀಗಾಗಿ ಮಗಳಿಗೆ ಐದು ತಿಂಗಳು ತುಂಬುವ ಮೊದಲೇ ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಕಚೇರಿಗೆ ಮರಳಿದೆ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆಂದು ವೈದ್ಯರು ಹೇಳಿದ್ದ ಮಾತನ್ನು ಉಳಿಸಿಕೊಳ್ಳಲು ನನಗಿದ್ದ ದಾರಿ ಒಂದೇ: ಮೂರು ಗಂಟೆಗೊಮ್ಮೆ ಪ್ರಥಮ ಚಿಕಿತ್ಸೆಯ ಕೊಠಡಿಯಲ್ಲಿ ಕುಳಿತು ಹಾಲು ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸಂಜೆ ಮನೆಗೆ ತರುವುದು. ಹೊರಗಿನ ಶಾಖದಲ್ಲಿ ಆ ಹಾಲನ್ನು ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು.

ಮರುದಿನ ಆ ಹಾಲನ್ನು ಕುಡಿಸುತ್ತಿದ್ದವರು ಮಂಡ್ಯದಿಂದ ಬಂದು ನಮ್ಮೊಡನಿದ್ದ ಅಮ್ಮ. ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಮಗುವಿನ ತಲೆಯನ್ನು ಮೊಣಕೈಯ ಮೇಲೆ ಎತ್ತರಿಸಿಕೊಂಡು, ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿದ್ದರು. ಬಾಟಲಿಯನ್ನು ನಾವು ಮನೆಯೊಳಗೆ ತರಲೇ ಇಲ್ಲ. ಸುಲಭವಾಗಿ ಸುರಿಯುವ ನಿಪ್ಪಲ್ಲಿಗೆ ಒಗ್ಗಿದ ಮಗು ಎದೆಯನ್ನು ಚೀಪಲು ಬೇಸರಪಡಬಹುದು. ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಆರಂಭಿಸಿದೆವು. ಅಮ್ಮ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟನ್ನು ತುಸು ಹೆಚ್ಚು ಹಾಕಿದರೂ ರಾಗಿ ಸರಿ ಗಟ್ಟಿಯಾಗುವುದಿಲ್ಲ. ಪುಟ್ಟ ಹೊಟ್ಟೆಯನ್ನು ಬರಿಯ ನೀರಿನಿಂದ ತುಂಬಿಸದಿರಲು ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ಅಡುಗೆಮನೆಗಳಲ್ಲಿ ಇನ್ನೊಂದಿಲ್ಲವೆಂದೇ ನಾನು ನಂಬುತ್ತೇನೆ. ನಮ್ಮೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇಂಥ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಸಂಶೋಧನೆಯನ್ನೇ ನಡೆಸಿದೆ. ಸರಿಯ ಜೊತೆಗೆ ಎದೆಹಾಲೂ ಮುಂದುವರಿಯಿತು.

ನಾನು ತಪ್ಪಿದ್ದು ಹಾಲು ಬಿಡಿಸುವಾಗ. ಒಂದೂವರೆ ವರ್ಷವಾದಾಗ, ಹಿರಿಯರೊಬ್ಬರ ಮಾತಿನಂತೆ ಬೇವಿನ ಸೊಪ್ಪನ್ನು ಅರೆದು ಎದೆಗೆ ಹಚ್ಚಿಕೊಂಡು, ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಕಹಿ ತಾಗಿದೊಡನೆ ಮಗಳು ಬಾಯಿ ತೆಗೆದು ನನ್ನ ಮುಖವನ್ನು ನೋಡಿದ್ದು ಇಂದಿಗೂ ಮನಸ್ಸಿನಿಂದ ಮಾಸಿಲ್ಲ. ಮೂರನೆಯ ದಿನ ಎದೆ ಕಟ್ಟಿಕೊಂಡು, ಕೆಂಪೇರಿ, ಚಳಿಜ್ವರ ಬಂತು. ಹಾಲನ್ನು ಒಳಗೆ ನಿಲ್ಲಗೊಡದೆ ಮತ್ತೆ ಕುಡಿಸುವಂತೆ ವೈದ್ಯರು ತಿಳಿಸಿದರು.

ಎರಡನೆಯ ಬಾರಿ ಅವಸರಪಡಲಿಲ್ಲ. ಹತ್ತು ಹದಿನೈದು ದಿನಕ್ಕೊಂದು ಹೊತ್ತಿನಂತೆ ಕುಡಿಸುವುದನ್ನು ಕಡಿಮೆ ಮಾಡಿದೆ: ಮೊದಲು ರಜೆಯ ದಿನಗಳ ಮಧ್ಯಾಹ್ನದ್ದು, ಅನಂತರ ಬೆಳಗಿನದು. ಕಚೇರಿಯಿಂದ ಬಂದೊಡನೆ ಅವಳು ಓಡಿಬಂದು ಕೇಳುತ್ತಿದ್ದ ಸಂಜೆಯ ಹಾಲನ್ನು ಬಿಡಿಸಲು ಮಾತ್ರ ತಿಂಗಳಿಗೂ ಮಿಗಿಲಾಗಿ ಹಿಡಿಯಿತು. ರಾತ್ರಿಯದನ್ನು ಕೊನೆಗೆ ಉಳಿಸಿಕೊಂಡು, ಮಲಗಿಸುವ ಕೆಲಸವನ್ನು ಅವಳ ತಂದೆಗೆ ಒಪ್ಪಿಸಿದೆ. ಎರಡು ವರ್ಷ ತುಂಬಿದ ಮರು ತಿಂಗಳು ಅದೂ ನಿಂತಿತು. ನಡುವೆ ಎದೆ ಬಿಗಿದಾಗಲೆಲ್ಲ ತಣ್ಣನೆಯ ಬಟ್ಟೆಯಿಟ್ಟು, ನೋವು ಇಳಿಯುವಷ್ಟು ಹಾಲನ್ನು ಮಾತ್ರ ಹಿಂಡಿ ತೆಗೆಯುತ್ತಿದ್ದೆ.