ಬಿಲ್ಲು ಹಿಡಿದು ಜಿಂಕೆ ಬೇಟೆ: ವಿಸ್ಕಾನ್ಸಿನ್‌ನಲ್ಲಿ ಮೊದಲ ಸೀಸನ್‌ಗೆ ತಯಾರಿ

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಭಾರತದಲ್ಲಿ ಇದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ಬಂದೂಕೂ ಒಂದೇ, ಬಿಲ್ಲೂ ಒಂದೇ. ಬಿಲ್ಲುಗಾರಿಕೆಯ ಆಸೆ ಇದ್ದರೆ ಇಲ್ಲಿ ಗುರಿಹಲಗೆ ಇದೆ, ಅದಕ್ಕೆ ಬಿಟ್ಟರೆ ಸಾಕು. ಈ ಬರಹ ಅಮೆರಿಕದಲ್ಲಿ ನೆಲೆಸಿ, ಸೆಪ್ಟೆಂಬರ್ ಬಂತೆಂದರೆ ಆಫೀಸಿನ ಅರ್ಧ ಮಂದಿ ಕಾಡಿನ ಮಾತೇ ಆಡುವುದನ್ನು ಕೇಳಿ ‘ನಾನೂ ಕಲಿಯಬಹುದೇ’ ಎಂದುಕೊಂಡವರಿಗೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿ ವಿಸ್ಕಾನ್ಸಿನ್ ತೆಗೆದುಕೊಂಡಿದ್ದೇನೆ. ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಸೀಸನ್ ಅಲ್ಲಿ 1934ರಲ್ಲೇ ಶುರುವಾಯಿತು, ಸಾಕ್ ಮತ್ತು ಕೊಲಂಬಿಯಾ ಎಂಬ ಎರಡು ಕೌಂಟಿಗಳಲ್ಲಿ. ಇವತ್ತು ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗಿ ಜನವರಿವರೆಗೆ ನಡೆಯುತ್ತದೆ. ಬಿಳಿಬಾಲದ ಜಿಂಕೆ ಆ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚಿವೆ. ಬೆಳೆಗೂ ಹೆದ್ದಾರಿಗೂ ಅವುಗಳ ಕಾಟ ತಪ್ಪಿದ್ದಲ್ಲ. ಬಿಲ್ಲು ತಯಾರಿಸುವವರು ಕಟ್ಟುವ ಶೇ 11ರ ಫೆಡರಲ್ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೇ ವಾಪಸಾಗುತ್ತದೆ.

ಕಾಗದಪತ್ರ

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್ ಕೊಳ್ಳುವ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ವಯಸ್ಕರಿಗೆ ಇದು ಆನ್‌ಲೈನ್‌ನಲ್ಲೂ ಸಿಗುತ್ತದೆ. ಆದರೂ ಪಾಠ ಮಾಡುವವರ ಎದುರು ಕೂತು ಕಲಿಯುವುದೇ ಮೇಲು: ಅಲ್ಲಿ ಪರಿಚಯವಾಗುವ ಹಳೆಯ ಶಿಕಾರಿಗಳೇ ಮುಂದೆ ಜಾಗ ತೋರಿಸುತ್ತಾರೆ, ಬಿದ್ದ ಜಿಂಕೆ ಎಳೆಯಲು ಬರುತ್ತಾರೆ. ಕೋರ್ಸ್ ಮುಗಿಯದಿದ್ದರೆ, ಅನುಭವಿಯೊಬ್ಬರು ಕೈಯಳತೆಯಲ್ಲೇ ಜೊತೆಗಿರುವ ಷರತ್ತಿನ ಮೇಲೂ ಹೋಗಬಹುದು.

ಎಚ್‌-1ಬಿ ವೀಸಾದಲ್ಲಿರುವ ನಮ್ಮವರು ಕೇಳುವ ಪ್ರಶ್ನೆ ಒಂದಿದೆ. ಬಂದೂಕು ಹೊಂದಲು ಅವರಿಗೆ ಫೆಡರಲ್ ಕಾನೂನಿನ ನಿರ್ಬಂಧವಿದೆ, ವಿನಾಯಿತಿಗಳೂ ಇವೆ. ಬಿಲ್ಲು ಆ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ, ಆ ತೊಡಕು ಇಲ್ಲಿ ಬರುವುದಿಲ್ಲ. ಲೈಸೆನ್ಸ್ ಮಾತ್ರ ಎಲ್ಲರಿಗೂ ಬೇಕು.

ಬಿಲ್ಲು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಕ್ರಾಸ್‌ಬೋ, ಅಂದರೆ ಬಂದೂಕಿನಂತೆ ಹಿಡಿದು ಕುದುರೆ ಒತ್ತಿ ಬಾಣ ಬಿಡುವ ಬಿಲ್ಲು, ಬೇಗ ಕಲಿಯಬಹುದು. ಅದಕ್ಕೆ ಬೇರೆ ಲೈಸೆನ್ಸ್. ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲು ನೋಡಲು ಚೆಂದ, ಬೇಟೆಗೆ ಬೇಕಾದ ಖಚಿತತೆ ಕೈಗೆ ಹತ್ತಲು ವರ್ಷಗಳೇ ಹಿಡಿಯಬಹುದು. ಹೊಸಬರಿಗೆ ನನ್ನ ಓಟು ಕಾಂಪೌಂಡ್ ಬಿಲ್ಲಿಗೆ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ತುದಿಗಳಲ್ಲಿ ಗಾಲಿಗಳಿರುತ್ತವೆ. ಹೆದೆಯನ್ನು ಪೂರ್ತಿ ಎಳೆದಾಗ ಭಾರದ ಮುಕ್ಕಾಲು ಪಾಲು ಕರಗಿಹೋಗುತ್ತದೆ. ಜಿಂಕೆ ತಿರುಗಿ ನಿಲ್ಲುವವರೆಗೆ ಎಳೆದು ಹಿಡಿದು ಕಾಯಬಹುದು.

ಇಂಟರ್ನೆಟ್ಟಿನಲ್ಲಿ ತರಿಸಬೇಡಿ. ಬಿಲ್ಲಿನ ಅಂಗಡಿಗೆ ಹೋಗಿ ಅಳತೆ ಕೊಡಿ. ಎರಡೂ ತೋಳು ಚಾಚಿ ಬೆರಳ ತುದಿಯಿಂದ ತುದಿಗೆ ಇಂಚುಗಳಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದ, ಅಂದರೆ ಹೆದೆಯನ್ನು ಎಷ್ಟು ಹಿಂದಕ್ಕೆ ಎಳೆಯಬೇಕೆಂಬುದು, ಹೆಚ್ಚುಕಡಿಮೆ ಸಿಗುತ್ತದೆ. ಬಲಗೈ, ಎಡಗೈ ಎನ್ನುವುದಕ್ಕಿಂತ ಯಾವ ಕಣ್ಣು ಪ್ರಬಲ ಎಂಬುದು ಮುಖ್ಯ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತುವೊಂದನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಗುರಿಯ ಕಣ್ಣು.

ಎಳೆತದ ಭಾರದಲ್ಲಿ ಗಂಡಸುತನ ತೋರಿಸಲು ಹೋಗುವವರೇ ಹೆಚ್ಚು. ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಕನಿಷ್ಠ 30 ಪೌಂಡ್ ಸಾಕು. 40ರಿಂದ 50ರ ನಡುವೆ ಇಟ್ಟುಕೊಂಡರೆ ಬಹುಪಾಲು ವಯಸ್ಕರಿಗೆ ಸರಿ. ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ ಗುರಿಗೆ ನೇರ ಹಿಡಿದೇ ನಿಧಾನವಾಗಿ ಎಳೆಯಲು ಆಗಬೇಕು. ಆಗದಿದ್ದರೆ ಭಾರ ಇಳಿಸಿ. ಚಳಿಯಲ್ಲಿ ಮೂರು ಗಂಟೆ ಕೂತ ಮೇಲೆ ಅದೇ 50 ಪೌಂಡ್ 60 ಅನ್ನಿಸುತ್ತದೆ. ಇನ್ನೊಂದು: ಬಾಣ ಹೂಡದೆ ಹೆದೆ ಬಿಡಲೇಬಾರದು. ಬಿಲ್ಲು ಸೀಳಬಹುದು, ನಿಮಗೂ ಗಾಯವಾಗಬಹುದು.

ಅಭ್ಯಾಸ

ವಸಂತದಲ್ಲೇ ಶುರುಮಾಡಿ. ಮೊದಲ ಕೆಲವು ವಾರ ಐದು ಗಜ ದೂರದಲ್ಲಿ ನಿಂತು, ಗುರಿಯನ್ನೇ ಮರೆತು, ಕೈ ಪ್ರತಿಸಲ ದವಡೆಯ ಒಂದೇ ಜಾಗಕ್ಕೆ ಬಂದು ತಾಗುವುದನ್ನು ಮಾತ್ರ ರೂಢಿಸಿ. ಆಮೇಲೆ 20 ಗಜ. ಒಂಬತ್ತು ಇಂಚಿನ ಪೇಪರ್ ತಟ್ಟೆ ನೇತುಹಾಕಿ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಎಷ್ಟು ದೂರದಿಂದ ಬಿಟ್ಟರೆ ಎಲ್ಲ ಬಾಣಗಳೂ ತಟ್ಟೆಯೊಳಗೇ ಬೀಳುತ್ತವೋ ಅದೇ ನಿಮ್ಮ ಮಿತಿ, ಪಕ್ಕದ ಮನೆಯವರು 50 ಗಜದಿಂದ ಹೊಡೆದ ಕತೆ ಎಷ್ಟೇ ಹೇಳಲಿ.

ಕಾಡಿನಲ್ಲಿ ಹತ್ತು ಬಾಣ ಬಿಟ್ಟು ಕೈ ಪಳಗಿಸಿಕೊಳ್ಳಲು ಅವಕಾಶವಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ಒಂದೇ ಒಂದು ಬಾಣ ಬಿಟ್ಟು ಒಳಗೆ ಹೋಗುವ ಅಭ್ಯಾಸ ಮಾಡಿ. ದಪ್ಪ ಜಾಕೆಟ್ ಹಾಕಿ, ಕೂತು, ಎತ್ತರದಿಂದಲೂ ಬಿಡಿ. ಬೇಟೆಯ ಅಲಗಿನ ಮೊನೆ ಅಭ್ಯಾಸದ ಮೊನೆಯಷ್ಟೇ ತೂಕವಿದ್ದರೂ ಬೇರೆ ಕಡೆ ಹೋಗಿ ನಾಟಬಹುದು. ಸೀಸನ್‌ಗೆ ಮುಂಚೆ ಅದನ್ನೂ ಬಿಟ್ಟು ನೋಡಿ.

ಗಾಳಿ, ಮರ, ಕಾಯುವುದು

ಬಟ್ಟೆಯ ಬಣ್ಣಕ್ಕೆ ದುಡ್ಡು ಸುರಿಯುವವರು ಗಾಳಿಯ ದಿಕ್ಕು ನೋಡುವುದಿಲ್ಲ. ಜಿಂಕೆಗೆ ಮೂಗೇ ಕಣ್ಣು. ಅದು ಬರುವ ದಾರಿಯಿಂದ ನಿಮ್ಮ ಕಡೆಗೆ ಗಾಳಿ ಬೀಸುವಂತೆ ಕೂರಬೇಕು. ಇಳಿಜಾರಿನಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೇರುತ್ತದೆ, ಸಂಜೆ ತಣ್ಣಗಾದಾಗ ಕೆಳಕ್ಕೆ ಜಾರುತ್ತದೆ. ಶುರುವಿನ ವಾರಗಳಲ್ಲಿ ಓಕ್ ಮರದ ಕಾಯಿ ಉದುರುವ ಜಾಗ, ಸೋಯಾ ಹೊಲದ ಅಂಚು ನೋಡಿ. ನವೆಂಬರ್ ಮೊದಲ ಭಾಗ ಬೆದೆಯ ಕಾಲ. ಗಂಡು ಜಿಂಕೆಗಳು ಹಗಲಲ್ಲೇ ಓಡಾಡುತ್ತವೆ. ನವೆಂಬರ್ ಕೊನೆಯ ಬಂದೂಕು ಸೀಸನ್‌ನಲ್ಲಿ ಬಿಲ್ಲುಗಾರರೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು.

ಮರಕ್ಕೆ ಕಟ್ಟುವ ಮಚಾನು ಹತ್ತುವವರು ನೆಲದಿಂದಲೇ ಪೂರ್ತಿ ಮೈಯ ಬೆಲ್ಟ್ ಹಾಕಿ, ಹಗ್ಗಕ್ಕೆ ಕೊಂಡಿ ಸಿಕ್ಕಿಸಿಕೊಂಡೇ ಹತ್ತಬೇಕು. ಈ ಹವ್ಯಾಸದಲ್ಲಿ ಬಾಣಕ್ಕಿಂತ ಬೀಳುವುದೇ ಅಪಾಯ. ಬಿಲ್ಲನ್ನು ಹೆಗಲಿಗೆ ಹಾಕಿಕೊಳ್ಳಬೇಡಿ, ಮೇಲೆ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಎತ್ತರ ಆಗದವರಿಗೆ ನೆಲದ ಮೇಲಿನ ಗುಡಾರ ಇದ್ದೇ ಇದೆ.

ಯಾವಾಗ ಬಿಡಬಾರದು

ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ, ಕೊಯ್ದು ರಕ್ತಸ್ರಾವದಿಂದ ಕೊಲ್ಲುತ್ತದೆ. ಶ್ವಾಸಕೋಶಕ್ಕೆ ತಗುಲಿದರೆ ಜಿಂಕೆ ಕ್ಷಣಗಳಲ್ಲಿ ಬೀಳುತ್ತದೆ. ತಪ್ಪಿದರೆ ಗಂಟೆಗಟ್ಟಲೆ ನರಳುತ್ತದೆ. ಪೂರ್ತಿ ಅಡ್ಡಲಾಗಿ ನಿಂತಾಗ, ಇಲ್ಲವೇ ತುಸು ಆಚೆಗೆ ತಿರುಗಿ ನಿಂತಾಗ ಮಾತ್ರ ಬಿಡಿ. ಎದುರು ಮುಖ, ಬೆನ್ನು, ಓಟ, ಪೊದೆಯ ಮರೆ ಯಾವುದಕ್ಕೂ ಬೇಡ.

ತಲೆಯೆತ್ತಿ ಕಿವಿ ನಿಮಿರಿಸಿ ನಿಂತ ಜಿಂಕೆಗೂ ಬೇಡ. ಸೆಕೆಂಡಿಗೆ 280 ಅಡಿ ವೇಗದ ಬಾಣಕ್ಕೆ 30 ಗಜ ದಾಟಲು ಸುಮಾರು ಮೂರನೇ ಒಂದು ಸೆಕೆಂಡು ಬೇಕು. ಹೆದೆಯ ಸದ್ದು ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ಮುಟ್ಟುತ್ತದೆ. ಬೆದರಿದ ಜಿಂಕೆ ನೆಗೆಯಲೆಂದು ಮೊದಲು ಕುಸಿಯುತ್ತದೆ, ಬಾಣ ಬೆನ್ನ ಮೇಲೆ ಹಾಯ್ದುಹೋಗುತ್ತದೆ ಅಥವಾ ಸಲ್ಲದ ಕಡೆ ನಾಟುತ್ತದೆ. ಮೊದಲ ಸೀಸನ್‌ನಲ್ಲಿ ಬಿಟ್ಟ ಬಾಣಕ್ಕಿಂತ ಬಿಡದ ಬಾಣಗಳೇ ಹೆಚ್ಚಿದ್ದರೆ ಕಲಿಕೆ ಸರಿಯಾಗಿ ಸಾಗಿದೆ ಎನ್ನುತ್ತೇನೆ.

ಬಾಣ ಬಿಟ್ಟ ಮೇಲೆ

ಇಳಿದು ಓಡಬೇಡಿ. ಜಿಂಕೆ ಕೊನೆಗೆ ಕಂಡ ಜಾಗ ಗುರುತಿಟ್ಟುಕೊಂಡು ಕನಿಷ್ಠ ಅರ್ಧ ಗಂಟೆ ಕೂರಿ. ಆಮೇಲೆ ಬಾಣ ಹುಡುಕಿ ನೋಡಿ. ನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶ, ನಿಧಾನವಾಗಿ ಹಿಂಬಾಲಿಸಿ. ಕಡುಗೆಂಪಾದರೆ ಯಕೃತ್ತಿರಬಹುದು, ಕೆಲವು ಗಂಟೆ ಬಿಡಿ. ಹಸಿರು ಅಂಟಿ ನಾತ ಹೊಡೆದರೆ ಹೊಟ್ಟೆ. ಎಂಟು ಗಂಟೆಯಾದರೂ ಕಾಯಬೇಕು, ಬೇಗ ಹೋಗಿ ಎಬ್ಬಿಸಿದರೆ ಅದು ಕೈತಪ್ಪಿದಂತೆಯೇ.

ಸಿಕ್ಕ ಕೂಡಲೇ ಕರುಳು ತೆಗೆದು ಮಾಂಸ ತಣ್ಣಗಾಗಲು ಬಿಡಿ, ಮರುದಿನ ಸಂಜೆ ಐದರೊಳಗೆ ಇಲಾಖೆಯಲ್ಲಿ ನೋಂದಾಯಿಸಿ. ಜಿಂಕೆಗಳ ಮಿದುಳಿಗೆ ತಗಲುವ ಸಿಡಬ್ಲ್ಯುಡಿ ಎಂಬ ಕಾಯಿಲೆ 2002ರಲ್ಲಿ ಮ್ಯಾಡಿಸನ್ ಸಮೀಪ ಪತ್ತೆಯಾಗಿ ಈಗ ಹಲವು ಕೌಂಟಿಗಳಿಗೆ ಹಬ್ಬಿದೆ. ಮನುಷ್ಯರಿಗೆ ಹರಡಿದ್ದು ದೃಢಪಟ್ಟಿಲ್ಲ, ಆದರೆ ಸೋಂಕಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ. ಇಲಾಖೆಯ ಸಂಗ್ರಹ ಪೆಟ್ಟಿಗೆಯಲ್ಲಿ ತಲೆ ಇಟ್ಟರೆ ಪರೀಕ್ಷೆ ಉಚಿತ. ವರದಿ ಬರುವವರೆಗೆ ಪೊಟ್ಟಣಗಳ ಮೇಲೆ ಆ ಜಿಂಕೆಯ ನಂಬರ್ ಬರೆದು ಫ್ರೀಜರ್‌ನಲ್ಲಿಡಿ. ಕೊಬ್ಬಿಲ್ಲದ ಮಾಂಸ ಇದು: ಬೆನ್ನಿನ ತುಂಡು ಬಾಣಲೆಯಲ್ಲಿ ಎರಡು ನಿಮಿಷಕ್ಕೇ ಬೇಯುತ್ತದೆ, ಕತ್ತು ಮತ್ತು ಕಾಲಿನದಕ್ಕೆ ಕುಕ್ಕರ್ ಬೇಕು.