ಲೋಹದ ಸದ್ದಿಗೆ ಇಂಗ್ಲಿಷಿನಲ್ಲಿ ಯಾವ ಪದ?

ಹಾಸನದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಗುಂಪಿನ ಸದಸ್ಯರಲ್ಲಿ ಒಂದು ವಿನಂತಿ: ಲೋಹದ ಸದ್ದಿನ ಪದಗಳನ್ನು ಉರು ಹೊಡೆಸುವ ಬದಲು, ಅವುಗಳ ಕೊನೆಯ ಧ್ವನಿಯನ್ನು ಗಮನಿಸಲು ಮಕ್ಕಳಿಗೆ ಹೇಳಿಕೊಡಿ. ಎರಡು ಸ್ಟೀಲ್ ಲೋಟಗಳು ಮೆಲ್ಲಗೆ ತಾಗಿದಾಗ ಆಗುವ ಸಣ್ಣ ಸದ್ದು ಕ್ಲಿಂಕ್. ಕಾಫಿ ತೋಟದ ಗೇಟಿನ ದಪ್ಪ ಸರಪಳಿ ಕಂಬಕ್ಕೆ ಬಡಿದು ಅಲ್ಲಿಗೇ ನಿಂತುಹೋಗುವ ಭಾರವಾದ ಸದ್ದು ಕ್ಲ್ಯಾಂಕ್. ಶಾಲೆಯ ಗಂಟೆಗೆ ಬಲವಾಗಿ ಹೊಡೆದಾಗ ಅನುರಣಿಸುತ್ತಲೇ ಇರುವುದು ಕ್ಲ್ಯಾಂಗ್. ಕೊನೆಯ ‘ಕ್’ ಉಸಿರನ್ನು ತಡೆದು ಸದ್ದನ್ನು ಕತ್ತರಿಸುತ್ತದೆ, ಮೂಗಿನಿಂದ ಹೊರಡುವ ‘ಙ್’ ಅದನ್ನು ಎಳೆಯುತ್ತದೆ. ನಮ್ಮ ‘ಠಕ್’ ಮತ್ತು ‘ಠಣ್’ಗಳ ನಡುವಿನ ವ್ಯತ್ಯಾಸವೂ ಇಂಥದೇ ಆದ್ದರಿಂದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಬೀಗದ ಕೈ ಗೊಂಚಲಿನ ಹಿತವಾದ ಸದ್ದಿಗೆ ಜಿಂಗಲ್, ಅದೇ ಕರ್ಕಶವಾದರೆ ಜ್ಯಾಂಗಲ್. ಸ್ಕ್ರೀಚ್ ಎಂಬುದನ್ನು ಮಾತ್ರ ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಅದು ಬಡಿತದಿಂದಲ್ಲ, ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗಿನಂತೆ ಉಜ್ಜುವಿಕೆಯಿಂದ ಹುಟ್ಟುವ ಸದ್ದು.