‘ಗೆಟ್’ ಅಂದರೆ ‘ಸಿಗು’ ಎಂದಷ್ಟೇ ಬರೆಸಬೇಡಿ

ಕೊಡಗಿನ ಹೈಸ್ಕೂಲು ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ‘ಗೆಟ್’ ಎದುರು ‘ಸಿಗು, ಪಡೆ’ ಎಂದಿರುತ್ತದೆ. ಹಾಗಾದರೆ ಮಳೆಗೆ ಸಿಕ್ಕವನು ‘ಐ ಗಾಟ್ ವೆಟ್’ ಅಂದರೆ ಅವನಿಗೆ ಸಿಕ್ಕಿದ್ದೇನು?

ಪಾಠ ಮಾಡುವಾಗ ನಾನೀಗ ಅರ್ಥದ ಪಟ್ಟಿ ಕೊಡುವುದಿಲ್ಲ. ಗೆಟ್ ಆದಮೇಲೆ ಏನು ಬಂದಿದೆ ನೋಡಿ ಎನ್ನುತ್ತೇನೆ. ವಸ್ತು ಬಂದರೆ ಸಿಗು ಅಥವಾ ತರು: ‘ಐ ಗಾಟ್ ಎ ಲೆಟರ್’, ‘ಗೆಟ್ ಮಿ ಸಮ್ ವಾಟರ್’. ಗುಣವಾಚಕ ಬಂದರೆ ಆಗು: ‘ಇಟ್ಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಟು ಮಡಿಕೇರಿ’ ಬಂದರೆ ತಲುಪು. ‘ಹೋಮ್’, ‘ಹಿಯರ್’, ‘ದೇರ್’ ಬಂದರೆ ಟು ಬೇಡ, ‘ಗೆಟ್ ಹೋಮ್’ ಸಾಕು.

‘ನನಗೆ ಕಾಗದ ಸಿಕ್ಕಿತು’ ಎಂಬಲ್ಲಿ ಕರ್ತೃ ಕಾಗದ. ಇಂಗ್ಲಿಷಿನಲ್ಲಿ ಕರ್ತೃ ‘ಐ’. ಅದಕ್ಕೇ ‘ಲೆಟರ್ ಗಾಟ್ ಟು ಮಿ’ ಥರದ ವಾಕ್ಯ ಹುಟ್ಟುವುದು. ಮನೆಮಾತು ಕೊಡವ ತಕ್ಕ್ ಇರಲಿ, ಅರೆಭಾಷೆ, ಮಲಯಾಳಂ ಇರಲಿ, ಎಲ್ಲದರಲ್ಲೂ ‘ನನಗೆ’ ಸಿಗುವುದೇ, ತಪ್ಪೂ ಒಂದೇ.

ಹೆಚ್ಚು ಹೊತ್ತು ಬೇಕಾಗುವುದು ‘ಮಾಡಿಸು’ ಅರ್ಥಕ್ಕೆ. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದಾಗುತ್ತದೆ. ಕಟಿಂಗ್ ಮಾಡಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಕ್ರಮ ಇಷ್ಟೇ: ಗೆಟ್, ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಮೆಣಸು ಕೊಯ್ಯಿಸಿದೆವು, ‘ವಿ ಗಾಟ್ ದ ಪೆಪ್ಪರ್ ಪಿಕ್ಡ್’. ಮಕ್ಕಳು ಪಿಕ್ಡ್ ಅನ್ನು ಗಾಟ್ ಪಕ್ಕಕ್ಕೆ ಎಳೆಯುತ್ತಾರೆ, ಕನ್ನಡದಲ್ಲಿ ‘ಕೊಯ್ಯಿಸು’ ಒಂದೇ ಪದವಲ್ಲವೇ! ಕೊಯ್ದವರನ್ನೂ ಹೇಳಬೇಕಾದರೆ ‘ವಿ ಗಾಟ್ ದ ವರ್ಕರ್ಸ್ ಟು ಪಿಕ್ ದ ಪೆಪ್ಪರ್’. ಇಲ್ಲಿ ಟು ಬಿಡುವಂತಿಲ್ಲ. ‘ಮೇಡ್ ದೆಮ್ ಪಿಕ್’ನಲ್ಲಿ ಟು ಇಲ್ಲದ್ದರಿಂದ ಇಲ್ಲೂ ಹಾರಿಸಿಬಿಡುತ್ತಾರೆ.

ಕನ್ನಡ ಕ್ರಿಯಾಪದದ ಕೊನೆಯಲ್ಲಿ ‘ಇಸು’ ಕಂಡಲ್ಲೆಲ್ಲ ಗೆಟ್ ಹಾಕಿದರೂ ಕೆಟ್ಟಿತು. ಕಣದಲ್ಲಿ ಕಾಫಿ ಒಣಗಿಸಿದೆವು ಎಂಬುದು ಬರೀ ‘ವಿ ಡ್ರೈಡ್ ದ ಕಾಫಿ’. ಎಲ್ಲಿ ಗೆಟ್ ಬೇಕು, ಎಲ್ಲಿ ಬೇಡ ಎಂದು ತಿಳಿಯಲು ‘ಬೇರೆಯವರ ಕೈಯಲ್ಲಿ’ ಎಂದು ಸೇರಿಸಿ ಓದಿಸುತ್ತೇನೆ. ‘ಬೇರೆಯವರ ಕೈಯಲ್ಲಿ ಕೊಯ್ಯಿಸಿದೆವು’ ಸರಿಹೋಗುತ್ತದೆ, ‘ಒಣಗಿಸಿದೆವು’ ಅಂದಾಗ ನಾಲಿಗೆ ತಡವರಿಸಿ ‘ಒಣಗಿಸಿಸಿದೆವು’ ಅನ್ನಲು ಹೋಗುತ್ತದೆ. ತಡವರಿಸಿದ ಕಡೆ ಗೆಟ್ ಬೇಡ. ಹತ್ತು ಕ್ರಿಯಾಪದ ಹೀಗೆ ಜರಡಿ ಹಿಡಿದರೆ ಒಂದು ಪೀರಿಯಡ್ ಮುಗಿಯುತ್ತದೆ.

ಹತ್ತಿ ಇಳಿಯುವುದಕ್ಕೂ ಗೆಟ್ ಬರುತ್ತದೆ: ಬಸ್ಸಿಗೆ ‘ಗೆಟ್ ಆನ್, ಗೆಟ್ ಆಫ್’. ಕಾರಿಗೆ, ಆಟೋಗೆ ‘ಗೆಟ್ ಇನ್, ಗೆಟ್ ಔಟ್’. ಒಳಗೆ ಎದ್ದು ನಿಂತು ಓಡಾಡಬಹುದಾದರೆ ಆನ್. ಕುಶಾಲನಗರದಲ್ಲಿ ‘ಗೆಟ್ ಡೌನ್’ ಆಗುವುದು ನಮ್ಮ ದೇಶದ ಇಂಗ್ಲಿಷು. ಕಂಡಕ್ಟರಿಗೆ ತಿಳಿಯುತ್ತದೆ, ನಾನಂತೂ ಅದಕ್ಕೆ ಅಂಕ ಕಳೆಯುವುದಿಲ್ಲ.